ತುಳಸಿ ಕುಂಡದಲ್ಲಿ ಅಥೆನ್ಸಿನ ಕಲ್ಲು

೨೦೧೬ರಲ್ಲಿ ನಾನು ದುಬೈಯ ಊದ್ ಮೇಥಾದ ಸಣ್ಣ ಟ್ರಾವೆಲ್ ಆಫೀಸೊಂದರಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ನಮ್ಮ ಕರಾವಳಿಯ ಕುಟುಂಬಗಳನ್ನು ಅಥೆನ್ಸ್, ರೋಮ್‌ಗಳಿಗೆ ಕರೆದೊಯ್ದು ಹಳೆಯ ಕಂಬಗಳನ್ನು ತೋರಿಸಿ, ಯಾರೂ ಕಳೆದುಹೋಗದಂತೆ ವಾಪಸ್ ತರುವುದು ನನ್ನ ಕೆಲಸ. ಕಂಬ ನೋಡಿದ್ದಕ್ಕಿಂತ ತಲೆ ಎಣಿಸಿದ್ದೇ ಹೆಚ್ಚು.

ಆ ಏಪ್ರಿಲ್‌ನಲ್ಲಿ ಅಥೆನ್ಸಿನಿಂದ ಮರಳಿದ ವಾರದಲ್ಲೇ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಸುಧಾಕರ ಫೋನ್ ಮಾಡಿದ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ತಾಯಿ ಗಿರಿಜಕ್ಕನ ಜೊತೆ ಅವನೂ ನಮ್ಮ ತಂಡದಲ್ಲಿದ್ದ.

“ಶೆಟ್ರೆ, ಅಮ್ಮ ಅಥೆನ್ಸಿಂದ ಕಲ್ಲು ತಂದಿದ್ದಾರೆ ಮಾರಾಯ್ರೆ! ತುಳಸಿ ಕುಂಡದಲ್ಲಿ ಇಟ್ಟಿದ್ದಾರೆ. ಕೇಸ್ ಆದ್ರೆ ನನ್ನ ಕೆಲಸ, ವೀಸಾ ಎಲ್ಲ ಖಲಾಸ್.”

ಅಲ್ಲಿನ ಅವಶೇಷಗಳ ನಡುವಿನಿಂದ ಒಂದು ಚೂರು ಕಲ್ಲು ಎತ್ತಿದರೂ ಅಪರಾಧ. ಹಳೆಯ ಗುಡಿಗಳಿರುವ ಅಲ್ಲಿನ ಬೆಟ್ಟ ಹತ್ತುವ ಮೊದಲು ನಾನೇ ನಿಯಮ ಓದಿ ಹೇಳಿದ್ದೆ; ಅರ್ಧ ಜನ ಸೆಲ್ಫಿ ತೆಗೆಯುತ್ತಿದ್ದರು. ಮುಂದಿನ ತಂಡದ ವೀಸಾ ಅರ್ಜಿಗಳು ಅದೇ ದೇಶದವರ ಕೈಯಲ್ಲಿದ್ದವು. ಸುದ್ದಿ ಹೊರಬಿದ್ದರೆ ಸುಧಾಕರನ ಕೆಲಸದ ಜೊತೆ ನನ್ನದೂ ಹೋಗುತ್ತಿತ್ತು. ದುಬೈಯಿಂದ ಅಬುಧಾಬಿಯವರೆಗೂ ಊರಿನ ದೈವಗಳಿಗೆಲ್ಲ ಹರಕೆ ಹೊರುತ್ತ ಕಾರು ಓಡಿಸಿದೆ.

ಮಗ ಗದರಿದ್ದಕ್ಕೆ ಗಿರಿಜಕ್ಕ ಊಟ ಬಿಟ್ಟು, ಮುಖ ಊದಿಸಿಕೊಂಡು ಕೂತಿದ್ದರು. ಕುಂಡದಲ್ಲಿ ಮೊಟ್ಟೆಯಷ್ಟು ದೊಡ್ಡ ಬಿಳಿ ಕಲ್ಲು.

“ಗಿರಿಜಕ್ಕ, ಇದು ಬೆಟ್ಟದ ಮೇಲಿನ ಗುಡಿಯದ್ದಾ?” ಎಂದು ಕೇಳಿದೆ.

ಅವರು ದುರುಗುಟ್ಟಿ ನೋಡಿದರು. “ಎಂತ ಮಾತು ಶೆಟ್ರೆ? ಊರಿನ ನಾಗಬನದಿಂದ ಒಂದು ಒಣ ಕಡ್ಡಿಯನ್ನೂ ತಂದವಳಲ್ಲ ನಾನು. ಪೂಜೆ ನಿಂತ್ರೂ ಆ ಬೆಟ್ಟವೂ ದೇವರ ಜಾಗವೇ ಅಲ್ವಾ? ಇದು ಹೋಟೆಲಿನ ಹೂಗಿಡದ ಬುಡದ್ದು. ಅಲ್ಲಿಯ ಹುಡುಗಿ ಹತ್ರ ಕೈಸನ್ನೆ ಮಾಡಿ ಕೇಳಿಯೇ ತಂದದ್ದು. ಅಥೆನ್ಸಿನದ್ದು ಅಂದ ಕೂಡ್ಲೇ ಇವ ಬೊಬ್ಬೆ ಹಾಕಿದ. ಮತ್ತೆ ನಾನು ಹೇಳುದು ಯಾರಿಗೆ?”

ಹೋಟೆಲಿನ ಬಾಗಿಲಲ್ಲಿ ತೆಗೆದ ಗ್ರೂಪ್ ಫೋಟೋ ನನ್ನ ಫೋನಿನಲ್ಲಿತ್ತು. ದೊಡ್ಡದು ಮಾಡಿ ನೋಡಿದೆ. ನಮ್ಮ ಕಾಲ ಬಳಿಯ ಹೂಗಿಡಗಳ ಸುತ್ತ ರಾಶಿ ರಾಶಿ ಅಂಥದೇ ಬಿಳಿ ಕಲ್ಲು! ಹೋದ ಜೀವ ಬಂದಂತಾಯಿತು. ಸುಧಾಕರ ತಾಯಿಯ ಪಕ್ಕ ನೆಲದ ಮೇಲೆ ಕುಸಿದು ಕೂತು ನಗತೊಡಗಿದ, ಕಣ್ಣಲ್ಲಿ ನೀರಿತ್ತು.

“ನೆಗಾಡಿದ್ದು ಸಾಕು, ಗಂಜಿ ಬಿಸಿ ಮಾಡು. ನನಗೆ ಹಸಿವಾಗ್ತದೆ” ಎಂದರು ಗಿರಿಜಕ್ಕ. ಮೂವರೂ ಉಪ್ಪಿನಕಾಯಿ ನೆಂಚಿಕೊಂಡು ಉಂಡೆವು.

ಜನರಿಗೆ ಹೊಸ ನಿಯಮ ಹೇಳುವ ಮೊದಲು, ಅವರು ಆಗಲೇ ಪಾಲಿಸುವ ನಿಯಮ ಯಾವುದೆಂದು ತಿಳಿದಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮುಂದಿನ ತಂಡಕ್ಕೆ ನಾನು ದಂಡದ ಮಾತೇ ಎತ್ತಲಿಲ್ಲ. ವಾಹನಗಳ ಗದ್ದಲದ ನಡುವೆ ಬೆಟ್ಟದ ಬುಡದಲ್ಲಿ ನಿಂತು, “ಇದು ಇವರ ನಾಗಬನ” ಎಂದೆ. ಸೆಲ್ಫಿಗೆ ಎತ್ತಿದ ಕೈಗಳು ಕೆಳಗಿಳಿದವು. ಹಿರಿಯರೊಬ್ಬರು ಚಪ್ಪಲಿ ಬಿಟ್ಟೇ ಹತ್ತಲು ಹೊರಟರು. ಅವರನ್ನು ತಡೆಯುವುದೇ ಆ ದಿನದ ಕಷ್ಟದ ಕೆಲಸವಾಯಿತು.