ಚಂದಾ ಕಟ್ಟಿ ತಂತ್ರಾಂಶ ತಂದ ಅಕ್ಕೋರು

ಅಕ್ಕೋರ ಬಲಗೈಯ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕು ಜಜ್ಜಿತ್ತಂತೆ. ಮೊಬೈಲಿನಲ್ಲಿ ನಡುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುವರು. ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಳ್ಳದೆ ಯಾರಿಗೂ ಕಳಿಸುತ್ತಿರಲಿಲ್ಲ.

ತಿಳವಳ್ಳಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದ ಮೇಲೆ ಅವರು ಹಾನಗಲ್ಲಿನ ನಮ್ಮ ಸೇವಾಸಂಸ್ಥೆಯ ಕಾರ್ಯದರ್ಶಿಯಾದರು. ಹುಟ್ಟುತ್ತಲೇ ಪಾದ ಒಳಕ್ಕೆ ತಿರುಗಿದ ಮಕ್ಕಳಿಗೆ ಚಿಕಿತ್ಸೆ ಕೊಡಿಸಿ, ಆಮೇಲೆ ವಿಶೇಷ ಬೂಟು ಹಾಕಿಸುವುದು ನಮ್ಮ ಕೆಲಸ. ಪಾದ ಬೆಳೆದಂತೆ ಬೂಟು ಬದಲಿಸಬೇಕು. ಹಾಕುವುದು ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ನಾಲ್ಕು ತಾಲೂಕಿನ ಮಕ್ಕಳ ವಿವರವೆಲ್ಲ ಆಫೀಸಿನ ಒಂದೇ ಕಂಪ್ಯೂಟರಿನಲ್ಲಿ, ಸಂಸ್ಥೆ ಸ್ವಂತಕ್ಕೆ ಕೊಂಡಿದ್ದ ತಂತ್ರಾಂಶದಲ್ಲಿತ್ತು. ಪಾಸ್‌ವರ್ಡ್ ಆಫೀಸು ನೋಡಿಕೊಳ್ಳುತ್ತಿದ್ದ ನನಗೊಬ್ಬಳಿಗೇ ಗೊತ್ತು. ಅದೇ ನನ್ನ ದೊಡ್ಡಸ್ತಿಕೆ.

ಒಮ್ಮೆ ಹಿರೇಕೆರೂರು ಕಡೆಯ ತಾಯಿಯೊಬ್ಬಳು ಎರಡನೆಯ ಹೆರಿಗೆಗೆಂದು ಪುಟ್ಟ ಮಗಳೊಂದಿಗೆ ಶಿಗ್ಗಾವಿಯ ತವರಿಗೆ ಹೋದಳು. ಮಗುವಿನ ಬೂಟು ಬಿಗಿಯಾಗಿತ್ತು. ಅಲ್ಲಿನ ನಮ್ಮ ಕಾರ್ಯಕರ್ತೆ ಬೂಟು ಬದಲಿಸಲು ಅಳತೆ, ಚಿಕಿತ್ಸೆಯ ವಿವರ ಕೇಳಿ ಫೋನು ಮಾಡಿದಾಗ ನಾನು ತಂಗಿಯ ಮದುವೆಯಲ್ಲಿದ್ದೆ. ಆಫೀಸಿಗೆ ಹೋಗಿ ನೋಡಿ ಹೇಳುತ್ತೇನೆ ಅಂದವಳು ಮರೆತೇಬಿಟ್ಟೆ. ಮಗು ಅಳುತ್ತದೆಂದು ತಾಯಿ ಬೂಟು ಹಾಕುವುದನ್ನೇ ಬಿಟ್ಟಳು. ಮೂರು ತಿಂಗಳಲ್ಲಿ ಪಾದ ತಿರುಗಿತ್ತು.

ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕೋರು ಮೆಲ್ಲಗೆ ಸವರಿದರು. ನಾನು ತಪ್ಪೊಪ್ಪಿಕೊಂಡೆ. ಬೈಯಲಿಲ್ಲ.

"ನಿನ್ನೊಬ್ಬಾಕಿ ತಪ್ಪಲ್ಲವ್ವಾ. ಎಲ್ಲಾ ಒಬ್ಬರ ಕೈಯಾಗ ಇಟ್ಟಿದ್ದು ನಮ್ಮ ತಪ್ಪು" ಅಂದರು.

ಅದಾದ ಮೇಲೆ ಅವರು ಹುಡುಕಿ ತಂದದ್ದು ಅಂತರ್ಜಾಲದಲ್ಲಿ ನಡೆಯುವ, ಯಾವ ಫೋನಿನಲ್ಲಾದರೂ ತೆರೆಯುವ ತಂತ್ರಾಂಶ. ಕೊಳ್ಳುವಂತಿಲ್ಲ, ವರ್ಷವರ್ಷ ಚಂದಾ ಕಟ್ಟಬೇಕು. ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ನಮ್ಮ ಅಧ್ಯಕ್ಷರು ಒಪ್ಪಲಿಲ್ಲ. ಸ್ವಂತದ್ದನ್ನು ಬಿಟ್ಟು ಬಾಡಿಗೆ ಮನೆಗೆ ಯಾರಾದರೂ ಹೋಗುತ್ತಾರೆಯೇ, ನಾಳೆ ಹೊರಗೆ ಹಾಕಿದರೆ ಏನು ಗತಿ ಎಂದು ಕೇಳಿದರು.

ಅಕ್ಕೋರು ದನಿ ಏರಿಸಲಿಲ್ಲ. "ಕೂಸು ಶಿಗ್ಗಾವ್ಯಾಗ ಇತ್ತು, ಅದರ ಚೀಟಿ ಹಾನಗಲ್ಲಾಗ ಕೀಲಿ ಹಾಕ್ಕೊಂಡು ಕುಂತಿತ್ತು. ಅಂಥ ಸ್ವಂತದ್ದು ಇಟ್ಕೊಂಡು ಏನ್ ಮಾಡೋದ್ರಿ?"

ಆದರೆ ಅಧ್ಯಕ್ಷರ ಅಂಜಿಕೆಯನ್ನು ಅವರು ತಳ್ಳಿಹಾಕಲಿಲ್ಲ. ನಾಳೆ ಚಂದಾ ನಿಲ್ಲಿಸಿದರೂ ಮಕ್ಕಳ ವಿವರವನ್ನೆಲ್ಲ ಮರಳಿಸಬೇಕೆಂದು ಕಂಪನಿಯಿಂದ ಬರೆಸಿಕೊಂಡರು. ತಿಂಗಳಿಗೊಮ್ಮೆ ಅದರ ಒಂದು ಪ್ರತಿಯನ್ನು ಆಫೀಸಿನ ಕಂಪ್ಯೂಟರಿಗೆ ಇಳಿಸಿಡುವ ಕೆಲಸ ನನಗೆ ಬಂತು. ಅಧ್ಯಕ್ಷರು ಸಹಿ ಮಾಡಿದರು.

ಕಾರ್ಯಕರ್ತೆಯರಿಗೆ ಕಲಿಸುವವಳೂ ನಾನೇ. ಮೊದಮೊದಲು ಅರೆಮನಸ್ಸಿನಿಂದ ಕಲಿಸಿದೆ. ಎಲ್ಲರಿಗೂ ಬಂದರೆ ನನ್ನನ್ನು ಕೇಳುವವರಾರು? ಅಕ್ಕೋರಿಗೆ ಅದು ತಿಳಿಯಿತು. ಹಿರೇಕೆರೂರಿನಿಂದ ಬಸ್ಸಿನಲ್ಲಿ ಬರುವಾಗ ಮೆಲ್ಲಗೆ ಹೇಳಿದರು: "ನೀ ಇಲ್ಲದಿದ್ರೂ ಕೆಲಸ ನಡೀಬೇಕು, ಹಂಗ ಕಲಿಸು." ನನಗೆ ಕೆಟ್ಟೆನಿಸಿತು. ನಾಲ್ಕು ದಿನ ನೆಟ್ಟಗೆ ಮಾತಾಡಲಿಲ್ಲ. ಐದನೆಯ ದಿನ ಸವಣೂರಿಗೆ ಹೋಗಿ ನನಗೆ ಗೊತ್ತಿದ್ದಷ್ಟನ್ನೂ ಹೇಳಿಕೊಟ್ಟೆ.

ಶಿಗ್ಗಾವಿಗೆ ಹೋಗಿದ್ದ ಆ ಮಗುವಿಗೆ ಮತ್ತೆ ಮೊದಲಿನಿಂದ ಚಿಕಿತ್ಸೆಯಾಯಿತು. ಈಗ ಅಂಗನವಾಡಿಗೆ ನಡೆದೇ ಹೋಗುತ್ತಾಳೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಆ ದಿನ ನಾವ್ಯಾರೂ ಆಫೀಸಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ನಾನು ತಂತ್ರಾಂಶ ತೆರೆದೆ. ಆಡೂರಿನಿಂದ ಸವಣೂರಿಗೆ ಹೋಗಿದ್ದ ಮಗುವೊಂದಕ್ಕೆ ಅಲ್ಲಿನ ಕಾರ್ಯಕರ್ತೆ ಫೋನಿನಲ್ಲೇ ವಿವರ ನೋಡಿ ಹಿಂದಿನ ದಿನವೇ ಹೊಸ ಬೂಟು ಹಾಕಿಸಿದ್ದಳು. ಯಾರೂ ನನ್ನನ್ನು ಕೇಳಿರಲಿಲ್ಲ.