ಕಿವಿಗೆ ಬಾಗುತ್ತಿದ್ದ ಡಾಕ್ಟರು

ಆ ಡಾಕ್ಟರಮ್ಮನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ದನಿ. ಲೋಂಡಾದಲ್ಲಿ ಕಟ್ಟುಹಾವು ಕಚ್ಚಿ, ಬೆಳಗಾವಿಯ ಆಸ್ಪತ್ರೆಗೆ ತಂದಾಗ ನನ್ನ ರೆಪ್ಪೆಯೂ ಅಲುಗುತ್ತಿರಲಿಲ್ಲ. ಆದರೆ ಎಲ್ಲವೂ ಕೇಳಿಸುತ್ತಿತ್ತು.

"ಬೆಳಕು ಬಿಟ್ರೂ ಕಣ್ಣ ಮಿಸುಕವಲ್ವು. ಮುಗೀತ್ರಿ," ಎಂದರು ಅವರ ಜೊತೆಗಿದ್ದ ಇನ್ನೊಬ್ಬ ಡಾಕ್ಟರು. ನನ್ನ ಹೆಂಡತಿ ಚೀರಿದಳು.

"ಮುಗದಿಲ್ರಿ. ಈ ವಿಷಕ್ಕ ಮನಷ್ಯಾ ಸತ್ತಂಗ ಕಾಣ್ತಾನ. ಅವರಿಗೆ ಎಲ್ಲಾ ಕೇಳಸ್ತೈತಿ," ಎಂದರು, ತುರ್ತು ಚಿಕಿತ್ಸೆಯನ್ನೇ ಓದಿ ಪರೀಕ್ಷೆ ಪಾಸಾಗಿದ್ದ ಆ ಡಾಕ್ಟರಮ್ಮ. ನನ್ನ ಕಿವಿಗೆ ಬಾಗಿ, "ಗಂಟಲಿಗೆ ನಳಿಗಿ ಹಾಕ್ತೀನ್ರಿ, ಹೆದರಬ್ಯಾಡ್ರಿ," ಎಂದರು. ಪ್ರತಿ ಸೂಜಿಗೂ ಮೊದಲು ಹಾಗೇ ಬಾಗಿ ಹೇಳುತ್ತಿದ್ದರು.

ಗುಣವಾದ ಮೇಲೆ ಕೈ ಮುಗಿಯಲು ಹೋದೆ. ಅವರು ಎದೆಯವರೆಗೆ ಬಿಳಿ ಬಟ್ಟೆ ಹೊದಿಸಿದ್ದ ಅಜ್ಜನೊಬ್ಬನ ಕಿವಿಗೆ ಬಾಗಿದ್ದರು.

"ಇವರೂ ಬದುಕ್ತಾರೇನ್ರಿ?"

"ಇಲ್ರಿ, ಹೋಗ್ಯಾರ," ಎಂದು ಬಟ್ಟೆಯನ್ನು ಮುಖದ ಮೇಲೆಳೆದರು. "ಆದ್ರೂ ಹೇಳದ ಮುಚ್ಚಂಗಿಲ್ಲ ನಾ."