ಸಬ್ಬಸಿಗೆ ಸೊಪ್ಪಿನ ಅಜ್ಜಿ

ಮಗಳ ಬಾಣಂತನಕ್ಕೆಂದು ಮೊನ್ನೆ ಹಾಸನದ ಮಾರ್ಕೆಟ್ಟಿನಿಂದ ನಾಲ್ಕು ಕಟ್ಟು ಸಬ್ಬಸಿಗೆ ಸೊಪ್ಪು ತಂದೆ. ಬಿಡಿಸಲು ಕೂತರೆ ಅದರ ಘಾಟು ವಾಸನೆ ಬೆರಳಿಗೆಲ್ಲ ಹತ್ತಿಕೊಂಡಿತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಮಗಳು, "ಅಮ್ಮಾ, ಇದನ್ನ ತಿಂದ್ರೆ ಮಗುಗೆ ಏನೂ ಆಗಲ್ವಾ?" ಅಂದಳು.

ಇದೇ ಮಗಳು ಹುಟ್ಟಿದಾಗ ನಾವು ಹೊಳೆನರಸೀಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ತಾಯಿ ತೀರಿಕೊಂಡು ವರ್ಷವಾಗಿತ್ತು. ಅತ್ತೆ ಹನ್ನೊಂದು ದಿನ ಇದ್ದು ಅರಕಲಗೂಡಿಗೆ ಹೊರಟುಹೋಗಿದ್ದರು. ಎದೆಹಾಲು ಸಾಲದೆ ಮಗು ಅಳುತ್ತಿತ್ತು, ಅದರ ಜೊತೆ ನಾನೂ ಅಳುತ್ತಿದ್ದೆ. ಒಂದು ಬೆಳಿಗ್ಗೆ, ನಮ್ಮ ಬೀದಿಗೆ ಸೊಪ್ಪು ಮಾರಲು ಬರುತ್ತಿದ್ದ ಅಜ್ಜಿ ಆ ಅಳು ಕೇಳಿ ಕುಕ್ಕೆ ಇಳಿಸಿ ಜಗಲಿಯ ಮೇಲೆ ಕೂತಳು.

"ಬಾಣ್ತಿ ಬರೀ ಅನ್ನ ಉಂಡ್ರೆ ಆಲು ಎಲ್ಲಿಂದ ಬತ್ತದವ್ವ? ತಗ, ಸಬ್ಸಿಗೆ. ತೊಗ್ರಿಬ್ಯಾಳೆ, ಬೆಳ್ಳುಳ್ಳಿ, ಮೆಣಸು ಆಕಿ ಬೇಯ್ಸ್ಕಂಡು ಉಣ್ಣು."

ಆಮೇಲೆ ದಿನಾ ಬಂದಳು. ಊಟವಾದ ಮೇಲೆ ಹೊಟ್ಟೆ ಉಬ್ಬರಿಸಿದರೆ ಸಬ್ಬಸಿಗೆ ಬೀಜ ಕುದಿಸಿದ ನೀರು ಕುಡಿಯಲು ಹೇಳಿದಳು. ನನ್ನ ಬೆನ್ನಿಗೆ ಕುರು ಎದ್ದಾಗ ಅದರ ಎಲೆಯನ್ನು ಹರಳೆಣ್ಣೆಯಲ್ಲಿ ಬಾಡಿಸಿ ತಾನೇ ಕಟ್ಟಿದಳು. ಅದುವರೆಗೆ ಅದು ಅಕ್ಕಿರೊಟ್ಟಿಗೆ ಹೆಚ್ಚಿ ಹಾಕುವ ಸೊಪ್ಪು ಅಂತಷ್ಟೇ ನನಗೆ ಗೊತ್ತಿತ್ತು. ಸೊಪ್ಪಿನ ಗುಣವೋ, ಹೊಟ್ಟೆತುಂಬ ಉಂಡಿದ್ದೋ, ಪಕ್ಕದಲ್ಲಿ ಒಬ್ಬರು ಕೂರುತ್ತಾರೆ ಅನ್ನುವ ಧೈರ್ಯವೋ... ಎರಡು ವಾರದಲ್ಲಿ ಹಾಲು ಚೆನ್ನಾಗಿ ಬಂತು.

ಆದರೂ ಮಧ್ಯಾಹ್ನ ನಿದ್ದೆಯ ಆಸೆಗೆ, ಹಾಲು ಸಾಲದಾಗ ಶುರುಮಾಡಿದ್ದ ಒಂದು ಬಾಟಲಿ ಪುಡಿಹಾಲು ಕೊಡುವುದನ್ನು ನಾನು ಬಿಟ್ಟಿರಲಿಲ್ಲ. ಅದು ನನ್ನ ಗಂಡನಿಗೆ ಗೊತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆಯೇ ಕಲಸಿಟ್ಟಿದ್ದನ್ನು ಮಧ್ಯಾಹ್ನ ಕೊಟ್ಟೆ. ಸ್ವಲ್ಪ ಹುಳಿವಾಸನೆ ಇತ್ತು. ಇತ್ತು ಅಂತ ಗೊತ್ತಿದ್ದೂ ಕೊಟ್ಟೆ. ಸಂಜೆಗೆ ಮಗುವಿಗೆ ವಾಂತಿ, ಭೇದಿ. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ಡಾಕ್ಟರು ಕೇಳಿದಾಗ "ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ" ಅಂದೆ. ನನ್ನ ಗಂಡ, "ಹಾಗಾದ್ರೆ ಆ ಮುದುಕಿ ಸೊಪ್ಪೇ" ಅಂದರು. ನಾನು ಸುಮ್ಮನಿದ್ದೆ.

ಮನೆಗೆ ಬಂದ ಮರುದಿನ ಅಜ್ಜಿ ಬಂದಳು. ಗಂಡ ಬೀದಿಯಲ್ಲೇ ನಿಲ್ಲಿಸಿ, "ಕಂಡಕಂಡ ಸೊಪ್ಪು ತಿನ್ಸಿ ನಮ್ಮ ಮಗು ಸಾಯ್ಸೋಕೆ ನೋಡಿದ್ಯಾ?" ಎಂದು ಕೂಗಾಡಿದರು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ಅಜ್ಜಿ ಅವರ್ಯಾರನ್ನೂ ನೋಡಲಿಲ್ಲ, ಹೊಸಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ನಾನು ಬಾಯಿ ಬಿಡಲಿಲ್ಲ.

"ಮಗ ಉಸಾರಾಗದಾ ಸಾ? ಅಷ್ಟು ಯೋಳಿ, ಓಯ್ತೀನಿ" ಅಂದಳು.

ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಮಗುವಿನ ಕೆನ್ನೆ ಮುಟ್ಟಲು ಕೈ ಚಾಚಿದವಳು ಯಾಕೋ ಹಿಂದಕ್ಕೆ ಎಳೆದುಕೊಂಡಳು. ಹೇಳಿಬಿಡೋಣ ಅಂದುಕೊಂಡೆ, ಬಸ್ಸು ಬಂತು. ಆಮೇಲೆ ನನ್ನ ಗಂಡನಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು...

ಮಗಳ ಮದುವೆ ಗೊತ್ತಾದ ವರ್ಷ ಮನಸ್ಸು ತಡೆಯದೆ, ವಿಚಾರಿಸಿಕೊಂಡು ಅಜ್ಜಿಯ ಊರಿಗೆ ಹೋದೆ. ಅವಳ ಸೊಸೆ ಇದ್ದಳು. "ಅತ್ತೆ ಓಗಿ ಆರು ವರ್ಸಾಯ್ತು ಕಣಕ್ಕ" ಅಂದಳು. ನಡೆದದ್ದನ್ನೆಲ್ಲ ಅವಳಿಗೇ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ.

"ಅದ್ಕೇಯಾ... ಆಮ್ಯಾಕೆ ನಮ್ಮತ್ತೆ ಒಲದಾಗೆ ಸಬ್ಸಿಗೆ ಬಿತ್ತಕ್ಕೇ ಬುಡ್ನಿಲ್ಲ. ನನ್ನಿಂದ ಯಾರ್ದೋ ಮಗೀಗೆ ಅಂಗಾಗೋಯ್ತು ಅಂತಿದ್ರು. ಯಾರ ಮಗ ಅಂತ ಮಾತ್ರ ಯೋಳ್ನಿಲ್ಲ."

ಮೊನ್ನೆ ಮಗಳ ಪಕ್ಕ ಕೂತು ಇದನ್ನೆಲ್ಲ ಮೊದಲ ಸಲ ಹೇಳಿದೆ, ಹೊರಗೆ ಪೇಪರ್ ಓದುತ್ತಿದ್ದ ಗಂಡನಿಗೂ ಕೇಳುವಷ್ಟು ಜೋರಾಗಿ. ಪೇಪರ್ ಮಡಿಸಿದ ಸದ್ದಾಯಿತು. ಅವರು ಒಳಗೆ ಬರಲಿಲ್ಲ.

ಮಗಳು ಮಗುವನ್ನು ತೊಡೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡಳು. ಆಮೇಲೆ, "ಅಜ್ಜಿ ತನ್ನಿಂದ್ಲೇ ಆಯ್ತು ಅಂದ್ಕೊಂಡೇ ಹೋಗ್ಬಿಟ್ರಾ ಅಮ್ಮಾ?" ಅಂದಳು.

ಹೂಂ ಅಂದೆ.